ಧೂಳು ಬಂದ ದಾರಿ

ಫೀನಿಕ್ಸ್‌ಗೆ ಬಂದ ಮೊದಲ ಜುಲೈ. ಒಂದು ಸಂಜೆ ಆಫೀಸಿನಿಂದ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಫೋನು ಇದ್ದಕ್ಕಿದ್ದಂತೆ ಕಿರುಚಿಕೊಂಡಿತು. ಧೂಳಿನ ಬಿರುಗಾಳಿ ಬರ್ತಿದೆ, ಗಾಡಿಯಲ್ಲಿದ್ದರೆ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ದೀಪ ಆರಿಸಿ ಅಂತ. ದೀಪ ಯಾಕೆ ಆರಿಸಬೇಕು ಅನ್ನೋದು ಆಗ ತಲೆಗೆ ಹೋಗಲಿಲ್ಲ. ಹಿಂದಿನವನು ನಿಮ್ಮ ಕೆಂಪು ದೀಪವನ್ನೇ ದಾರಿ ಅಂದುಕೊಂಡು ನೆಟ್ಟಗೆ ಬಂದು ಗುದ್ದುತ್ತಾನಂತೆ, ಆಮೇಲೆ ಯಾರೋ ಹೇಳಿದರು. ಕಿಟಕಿಯಿಂದ ನೋಡಿದರೆ ಆಗ್ನೇಯಕ್ಕೆ ಕಂದು ಬಣ್ಣದ ಗೋಡೆಯೊಂದು ಎದ್ದು ನಿಂತಿತ್ತು. ಗೋಡೆ ಅಂದರೆ ಗೋಡೆಯೇ. ಮೇಲೆ ಗೋಪಿ ಹೂವಿನಂತೆ ಉಬ್ಬುಬ್ಬು, ಕೆಳಗೆ ನೆಲಕ್ಕೆ ಅಂಟಿಕೊಂಡಂತೆ. ಸದ್ದಿಲ್ಲ. ಹತ್ತು ನಿಮಿಷಕ್ಕೆ ಎದುರುಮನೆ ಕಾಣದಾಯಿತು, ಬೀದಿದೀಪಗಳು ತಾವಾಗೇ ಹತ್ತಿಕೊಂಡವು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ನಾಲ್ಕು ಹನಿ ಮಳೆಯೂ ಬಿತ್ತು. ಇಲ್ಲಿಯವರೂ ಇದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ನಮ್ಮ ಮಾನ್ಸೂನ್ ನೀರು ತರುತ್ತೆ, ಇವರದ್ದು ಮೊದಲು ಮಣ್ಣು ತರುತ್ತೆ.

ಮರುದಿನ ಬೆಳಿಗ್ಗೆ ನನ್ನನ್ನು ಕಾಡಿದ್ದು ಬಿರುಗಾಳಿಯಲ್ಲ. ಮನೆಯ ಎಲ್ಲ ಕಿಟಕಿ ಮುಚ್ಚಿದ್ದವು. ಎರಡು ಪದರ ಗಾಜು, ಅಂಚಿಗೆ ರಬ್ಬರು. ಆದರೂ ಊಟದ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ತಣ್ಣನೆ ಗಾಳಿ ಬಿಡುವ ಜಾಲರಿಗಳ ಸುತ್ತ ಬೀಸಣಿಗೆ ಆಕಾರದ ಕಂದು ಕಲೆ. ಅಂದರೆ ಕಳ್ಳ ಬಂದದ್ದು ಬಾಗಿಲಿನಿಂದಲ್ಲ. ನಾವೇ ದುಡ್ಡು ಕೊಟ್ಟು ಓಡಿಸುತ್ತಿರುವ ಗಾಳಿಯ ಜೊತೆಯಲ್ಲೇ.

ಇಂಜಿನಿಯರ್ ಅಲ್ವಾ, ಸುಮ್ಮನಿರಲಾಗುತ್ತಾ? ಶನಿವಾರ ಸ್ಕ್ರೂಡ್ರೈವರ್ ಹಿಡಿದು ಹನ್ನೊಂದು ಜಾಲರಿ ಬಿಚ್ಚಿ ಸಿಂಕಿನಲ್ಲಿ ತೊಳೆದೆ. ಕೈ ಹೋಗುವಷ್ಟು ದೂರ ಕೊಳವೆಯೊಳಗೆ ವ್ಯಾಕ್ಯೂಮ್ ಹಾಕಿದೆ. ಗಾಳಿ ಒಳಗೆಳೆಯುವ ದೊಡ್ಡ ಜಾಲರಿಯ ಹಿಂದೆ ಒಂದು ಫಿಲ್ಟರ್ ಇತ್ತು, ಕಂಬಳಿಯಂತಾಗಿತ್ತು. ಅದನ್ನೂ ನೀರಿಗೆ ಹಿಡಿದೆ. ಅದರ ಚೌಕಟ್ಟು ರಟ್ಟಿನದ್ದು ಅಂತ ಗೊತ್ತಾಗುವ ಹೊತ್ತಿಗೆ ಕೈಯಲ್ಲಿ ಮುದ್ದೆ ಉಳಿದಿತ್ತು. ಫಿಲ್ಟರ್ ಇಲ್ಲದಿದ್ದರೇನಂತೆ, ಒಳಗೆ ಉಳಿದದ್ದೆಲ್ಲ ಒಮ್ಮೆ ಊದಿಹೋಗಲಿ ಅಂತ ಫ್ಯಾನನ್ನು ಜೋರಾಗಿ ಹಾಕಿದೆ. ಊದಿತು. ಮಲಗುವ ಕೋಣೆಯಲ್ಲಿ ಎರಡು ವರ್ಷದ ಮಗಳು ನಿದ್ದೆ ಮಾಡುತ್ತಿದ್ದಳು. ಅವಳ ಬಿಳಿ ಹೊದಿಕೆ ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಮೊದಲು ನೋಡಿದ್ದು ನನ್ನ ಹೆಂಡತಿ. ಆಮೇಲೆ ಅವಳಂದ ಮಾತು ಪುಸ್ತಕದಲ್ಲಿ ಹಾಕುವಂಥದ್ದಲ್ಲ.

ಮಗಳಿಗೆ ಕೆಮ್ಮು ಶುರುವಾಯಿತು. ಗಾಬರಿಯಲ್ಲಿ ಅಂಚೆಪೆಟ್ಟಿಗೆಗೆ ಬಂದಿದ್ದ ಕೂಪನ್ ನೋಡಿ ಡಕ್ಟ್ ತೊಳೆಯುವವರನ್ನು ಕರೆಸಿದೆ. 99 ಡಾಲರ್ ಅಂತ ಅಚ್ಚಾಗಿತ್ತು. ಬಂದವನು ಒಳಗಿನ ಫೋಟೋ ತೋರಿಸಿದ, ಜಾಲರಿಗಿಷ್ಟು, ಮುಖ್ಯ ಕೊಳವೆಗಿಷ್ಟು, ಕ್ರಿಮಿನಾಶಕಕ್ಕಿಷ್ಟು ಅಂತ ಲೆಕ್ಕ ಹಾಕಿದ. ಕಡೆಗೆ 480 ಆಯಿತು. ಮೂರು ವಾರಕ್ಕೆ ಇನ್ನೊಂದು ಬಿರುಗಾಳಿ, ಅದೇ ಜಾಗದಲ್ಲಿ ಅದೇ ಕಲೆ. ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. "ಅಮೆರಿಕಾದಾಗೂ ಧೂಳ ಇರ್ತೈತೇನೋ?" ಅಂತ ನಕ್ಕಳು. ನಂತರ, "ಬೆಳಕಿಂಡಿ ಮುಚ್ಚಬೇಕಿಲ್ಲೋ ಮತ್ತ?" ಅಂದಳು.

ನಮ್ಮದು ವಿಜಯಪುರದ ಕಡೆಯ ಮಾಳಿಗೆ ಮನೆ. ದಪ್ಪ ಮಣ್ಣಿನ ಮಾಳಿಗೆ, ಕಿಟಕಿ ಲೆಕ್ಕಕ್ಕಷ್ಟೇ. ಬೆಳಕು, ಗಾಳಿ, ಒಲೆಯ ಹೊಗೆ ಎಲ್ಲಕ್ಕೂ ಮಾಳಿಗೆಯಲ್ಲೊಂದು ತೂತು, ಅದೇ ಬೆಳಕಿಂಡಿ. ಮಳೆ ಬಂದರೆ, ರಾಶಿ ಮಾಡುವಾಗ ಹೊಟ್ಟು ಹಾರಿದರೆ, ಯಾರಾದರೂ ಮೇಲೆ ಓಡಿ ಅದರ ಮೇಲೆ ಒಂದು ಚಪ್ಪಡಿ ಕಲ್ಲೋ ಒಡೆದ ಗಡಿಗೆಯೋ ಮುಚ್ಚಬೇಕು. ಚಿಕ್ಕಂದಿನಲ್ಲಿ ಆ ಕೆಲಸ ನನ್ನದು. ಮನೆಗೆ ಬೇಕಾದ ತೂತು ಒಂದೇ, ಅದಕ್ಕೆ ಮುಚ್ಚಳವೂ ಒಂದೇ. ಸಂಸ್ಕೃತದ ಗವಾಕ್ಷ ಅಂದರೆ ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ, ಅದರ ಅರ್ಥ ಗಾಳಿಯ ಕಣ್ಣು. ಎರಡೂ ಕಡೆಯವರಿಗೆ ಗೋಡೆಯ ತೂತು ಕಣ್ಣಿನಂತೆಯೇ ಕಂಡಿದೆ. ಕಣ್ಣಿಗೆ ಧೂಳು ಬೀಳುವ ಕಥೆ ಎಷ್ಟು ಹಳೆಯದು ಅಂತ ಹುಡುಕಿಕೊಂಡು ಹೊರಟಿದ್ದು ಅಲ್ಲಿಂದ. ಆಫೀಸಿನ ಕೆಲಸ ಬಿಟ್ಟು ಮಿಕ್ಕ ಎಲ್ಲವನ್ನೂ ಓದುವ ಚಟ ನನಗೆ ಮೊದಲಿನಿಂದಲೂ ಇದೆ.

ಅಮೆರಿಕದ ಮನೆಗೆ ಈ ಕೊಳವೆಗಳು ಬಂದದ್ದು ತಂಪಿಗಾಗಿ ಅಲ್ಲ, ಬಿಸಿಗಾಗಿ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಉಳ್ಳವರ ಮನೆಯ ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಕುಲುಮೆ ಇರುತ್ತಿತ್ತು. ಐಯೋವಾದ ಮಾರ್ಷಲ್‌ಟೌನ್‌ನಲ್ಲಿ ಡೇವ್ ಲೆನಾಕ್ಸ್ ಎಂಬಾತ 1895ರಲ್ಲಿ ಉಕ್ಕಿನ ತಗಡು ಬಡಿದು ಗಟ್ಟಿ ಕುಲುಮೆ ಮಾಡಿ ಮಾರಲು ಶುರುಮಾಡಿದ. ಕುಲುಮೆಯ ತಲೆಯಿಂದ ಎಂಟು ಹತ್ತು ದಪ್ಪ ಕೊಳವೆಗಳು ಮೇಲಿನ ಕೋಣೆಗಳಿಗೆ ಹೋಗುತ್ತಿದ್ದವು. ನೋಡಲು ಅಷ್ಟಪದಿ, ಅದಕ್ಕೇ ಅದನ್ನು ಆಕ್ಟೋಪಸ್ ಅಂತಲೇ ಕರೆದರು. ಫ್ಯಾನ್ ಇಲ್ಲ. ಬಿಸಿಗಾಳಿ ಹಗುರ, ತಾನಾಗೇ ಏರುತ್ತೆ, ತಣ್ಣಗಾದದ್ದು ಇಳಿಯುತ್ತೆ. ನೆಲದಲ್ಲಿ ಎರಕದ ಕಬ್ಬಿಣದ ಚಂದದ ಜಾಲರಿ. ಆ ಜಾಲರಿಯೊಳಗೆ ಬಿದ್ದ ಮಸಿ, ಕೂದಲು, ಮಕ್ಕಳ ಗೋಲಿ ಎಲ್ಲವನ್ನೂ ತೆಗೆಯುವುದು ವಸಂತ ಬಂದಾಗ ಮಾಡುವ ದೊಡ್ಡ ಸ್ವಚ್ಛತೆಯ ಭಾಗ. ನಮ್ಮಲ್ಲಿ ಯುಗಾದಿಗೆ ಮುಂಚೆ ಮನೆ ಸಾರಿಸಿ ಸುಣ್ಣ ಬಳಿದಂತೆ.

ತಂಪು ಬಂದದ್ದು ಆಮೇಲೆ, ಅದೂ ಮನುಷ್ಯರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಮದ್ದು ಕಂಡುಹಿಡಿದವನು ವಿಲ್ಲಿಸ್ ಕ್ಯಾರಿಯರ್, ಇಪ್ಪತ್ತೈದರ ಹುಡುಗ. ಅಂದರೆ ಮೊದಲು ಎಸಿಯ ಸುಖ ಉಂಡದ್ದು ಕಾಗದ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ಈಗ 1930ರ ದಶಕ. ಟೆಕ್ಸಸ್ ಮತ್ತು ಒಕ್ಲಹೋಮಾದ ತುದಿಗಳು, ಕ್ಯಾನ್ಸಸ್, ಕೊಲರಾಡೊ, ನ್ಯೂಮೆಕ್ಸಿಕೊಗಳು ಕೂಡುವ ಬಯಲು. ಆ ನೆಲದ ಮೇಲೆ ಶತಮಾನಗಳಿಂದ ಹುಲ್ಲಿನ ಕಂಬಳಿ ಹೊದೆಸಿತ್ತು, ಕಾಡೆಮ್ಮೆಗಳು ಮೇಯುತ್ತಿದ್ದವು. 1862ರ ಕಾಯ್ದೆ ಒಬ್ಬ ಒಕ್ಕಲಿಗೆ 160 ಎಕರೆ ಕೊಟ್ಟಿತು. ಒಣಭೂಮಿಗೆ ಅದು ಸಾಲದೆಂದು 1909ರಲ್ಲಿ 320 ಎಕರೆ ಮಾಡಿದರು. ನೆಲ ಉತ್ತರೆ ಮಳೆ ನೇಗಿಲಿನ ಹಿಂದೆಯೇ ಬರುತ್ತೆ ಅಂತ ನಂಬಿಸಿದವರೂ ಇದ್ದರು! ಮೊದಲ ಮಹಾಯುದ್ಧಕ್ಕೆ ಗೋಧಿಯ ಬೆಲೆ ಏರಿತು, ಟ್ರ್ಯಾಕ್ಟರ್ ಬಂತು, ಹುಲ್ಲಿನ ಕಂಬಳಿಯನ್ನು ಮಗುಚಿ ಹಾಕಿದರು. ಆಮೇಲೆ ಬೆಲೆ ಬಿತ್ತು, ಸಾಲ ತೀರಿಸಲು ಇನ್ನಷ್ಟು ನೆಲ ಉತ್ತರು. 1931ರಿಂದ ಮಳೆ ಕೈಕೊಟ್ಟಿತು. ಬೇರಿಲ್ಲದ ಮಣ್ಣು, ನೀರಿಲ್ಲದ ಮಣ್ಣು, ಮತ್ತು ತಡೆಯಿಲ್ಲದ ಗಾಳಿ. ಒಕ್ಕಲುತನದ ಮನೆಯವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

1934ರ ಮೇ ತಿಂಗಳ ಒಂದು ಬಿರುಗಾಳಿ ಬಯಲುಸೀಮೆಯ ಮಣ್ಣನ್ನು ಶಿಕಾಗೊ, ನ್ಯೂಯಾರ್ಕ್, ವಾಷಿಂಗ್ಟನ್ ದಾಟಿಸಿ ಅಟ್ಲಾಂಟಿಕ್ ಸಮುದ್ರದಲ್ಲಿದ್ದ ಹಡಗುಗಳ ಮೇಲೆ ಸುರಿಯಿತು. ಆದರೆ ಎಲ್ಲರ ನೆನಪಲ್ಲಿ ಉಳಿದದ್ದು 1935ರ ಏಪ್ರಿಲ್ 14. ಗರಿಗಳ ಭಾನುವಾರ. ವಾರಗಟ್ಟಲೆ ಧೂಳು ಕುಡಿದಿದ್ದ ಜನಕ್ಕೆ ಆ ಬೆಳಿಗ್ಗೆ ಆಕಾಶ ನೀಲಿಯಾಗಿ ಕಂಡಿತು. ಹೆಂಗಸರು ಕಿಟಕಿ ತೆರೆದರು, ಅಂಟಿಸಿದ್ದ ಕಾಗದ ಕಿತ್ತರು, ಹಾಸಿಗೆ ಬಿಸಿಲಿಗೆ ಹಾಕಿದರು, ಬಟ್ಟೆ ಒಗೆದು ಹರವಿದರು. ಜನ ಇಗರ್ಜಿಗೆ ಹೋದರು. ಮಧ್ಯಾಹ್ನ ಉತ್ತರದಿಂದ ಕಪ್ಪು ಗೋಡೆ ಬಂತು, ಮುಂದೆ ಮುಂದೆ ಹಕ್ಕಿಗಳು ಹಾರಿಕೊಂಡು. ಹಗಲಲ್ಲೇ ತನ್ನ ಕೈ ತನಗೆ ಕಾಣದಷ್ಟು ಕತ್ತಲು. ಲೋಕ ಮುಗಿಯಿತು ಅಂತ ಮೊಣಕಾಲೂರಿದವರಿದ್ದರು. ಮರುದಿನ ರಾಬರ್ಟ್ ಗೈಗರ್ ಎಂಬ ವರದಿಗಾರ ತನ್ನ ಸುದ್ದಿಯಲ್ಲಿ ಆ ಸೀಮೆಗೆ ಡಸ್ಟ್ ಬೌಲ್ ಅಂತ ಹೆಸರಿಟ್ಟ. ಧೂಳಿನ ಬೋಗುಣಿ. ಹೆಸರು ಅಂಟಿಕೊಂಡಿತು.

ನನ್ನ ಮನಸ್ಸು ನಿಲ್ಲುವುದು ಆ ಕಪ್ಪು ಗೋಡೆಯ ಮೇಲಲ್ಲ, ಅಂದು ಬೆಳಿಗ್ಗೆ ತೆರೆದ ಕಿಟಕಿಗಳ ಮೇಲೆ. ಚರಿತ್ರೆಯ ಪುಸ್ತಕಗಳಲ್ಲಿ ಆರ್ಥರ್ ರಾಥ್‌ಸ್ಟೀನ್ ತೆಗೆದ ಫೋಟೋ ಇರುತ್ತೆ, 1936ರದ್ದು. ಒಕ್ಲಹೋಮಾದ ಸಿಮರಾನ್ ಕೌಂಟಿಯಲ್ಲಿ ಅಪ್ಪ ಇಬ್ಬರು ಮಕ್ಕಳೊಂದಿಗೆ ಧೂಳಿನಲ್ಲಿ ಬಗ್ಗಿ ಗುಡಿಸಲ ಕಡೆ ನಡೆಯುತ್ತಿರುವುದು. ಗುಡಿಸಲ ಒಳಗೆ ಏನಾಗುತ್ತಿತ್ತು ಅನ್ನೋದು ಫೋಟೋದಲ್ಲಿ ಬರುವುದಿಲ್ಲ. ಅದು ಗೊತ್ತಾಗುವುದು ಹೆಂಗಸರು ಬರೆದ ಕಾಗದಗಳಿಂದ. ಒಕ್ಲಹೋಮಾದ ಈವಾ ಎಂಬ ಹಳ್ಳಿಯ ಹತ್ತಿರ ಕ್ಯಾರೊಲಿನ್ ಹೆಂಡರ್ಸನ್ ಎಂಬಾಕೆ 1907ರಿಂದ ಒಕ್ಕಲುತನ ಮಾಡಿಕೊಂಡಿದ್ದಳು, ಕಾಲೇಜು ಓದಿದವಳು. ಆಕೆಯ ಪತ್ರಗಳನ್ನು 1936ರಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆ ಅಚ್ಚುಹಾಕಿತು. ಕಿಟಕಿಯ ಅಡಿಪಟ್ಟಿಗೆ ಎಣ್ಣೆ ಅದ್ದಿದ ಬಟ್ಟೆ, ಮೂಗಿಗೆ ವ್ಯಾಸಲೀನ್, ಮುಖಕ್ಕೆ ಕರವಸ್ತ್ರ, ಅಡುಗೆಮನೆಯ ನೆಲದಲ್ಲಿ ಮರಳುದಿಬ್ಬದಂಥ ಅಲೆ. ದಿನಾ ಗುಡಿಸು, ದಿನಾ ಅಷ್ಟೇ.

ಆ ಸೀಮೆಯ ಮನೆಗಳಲ್ಲಿ ಒಂದೇ ಶಾಸ್ತ್ರ ನಡೆಯುತ್ತಿತ್ತು. ಹಿಟ್ಟಿನ ಗಂಜಿ ಕಾಸಿ ಹರಿದ ಬಟ್ಟೆ, ಕಾಗದದ ಪಟ್ಟಿಗಳನ್ನು ಕಿಟಕಿಯ ಸಂದಿಗೆ ಅಂಟಿಸುವುದು. ಹಾಸಿಗೆಯ ಬಟ್ಟೆ ಒದ್ದೆ ಮಾಡಿ ಕಿಟಕಿಗೆ, ಮಗುವಿನ ತೊಟ್ಟಿಲಿಗೆ ತೂಗುವುದು. ಬಾಗಿಲ ಕೆಳಗೆ ಒದ್ದೆ ಗೋಣಿ. ತಟ್ಟೆ ಲೋಟಗಳನ್ನು ಊಟಕ್ಕೆ ಕೂರುವ ತನಕ ಬೋರಲು ಇಡುವುದು. ಇಷ್ಟಾದ ಮೇಲೂ ಬೆಳಿಗ್ಗೆ ಏಳುವಾಗ ದಿಂಬಿನ ಮೇಲೆ ತಲೆಯಿದ್ದ ಜಾಗ ಮಾತ್ರ ಬಿಳಿ. ಗುಡಿಸುವುದಕ್ಕೆ ಮೊದಲು ಸಲಿಕೆ ಬೇಕಾಗುತ್ತಿತ್ತು. ಹೆಚ್ಚಿನವರು ಮರೆತುಬಿಟ್ಟಿದ್ದ ಜಾಗವೊಂದಿತ್ತು, ಅಟ್ಟ. ಸೂರಿನ ಸಂದಿಯಿಂದ ಒಳಸೇರಿದ ಮಣ್ಣು ಚಾವಣಿಯ ಮೇಲೆ ಸದ್ದಿಲ್ಲದೆ ಕೂತು ಕೂತು, ಒಂದು ದಿನ ಭಾರಕ್ಕೆ ಚಾವಣಿಯೇ ಕುಸಿದು ಕೋಣೆಯೊಳಗೆ ಬಿದ್ದ ಮನೆಗಳಿವೆ. ಇದನ್ನು ಓದಿದ ರಾತ್ರಿ ನಾನು ಟಾರ್ಚ್ ಹಿಡಿದು ನಮ್ಮ ಮನೆಯ ಅಟ್ಟದ ಮುಚ್ಚಳ ತೆಗೆದು ನೋಡಿದೆ. ಅದಕ್ಕೆ ಆಮೇಲೆ ಬರ್ತೀನಿ.

ಒಂದು ವಿಚಿತ್ರ ನೋಡಿ. ಧೂಳೆಳೆಯುವ ಯಂತ್ರ ಅಷ್ಟರಲ್ಲಿ ಹಳೆಯದಾಗಿತ್ತು. ಒಹಾಯೊದ ಕ್ಯಾಂಟನ್‌ನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಜಾಡಮಾಲಿ, ಕಸಗುಡಿಸಿ ಗುಡಿಸಿ ಉಬ್ಬಸ ಹೆಚ್ಚಾಗಿ, ಫ್ಯಾನಿನ ಮೋಟಾರು, ದಿಂಬಿನ ಚೀಲ, ಪೊರಕೆಯ ಹಿಡಿ ಸೇರಿಸಿ ಒಂದು ಯಂತ್ರ ಕಟ್ಟಿದ್ದ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಹಕ್ಕು ಕೊಂಡವರು ಹೂವರ್ ಮನೆತನ. ಉಬ್ಬಸದ ಮನುಷ್ಯ ಕಂಡುಹಿಡಿದ ಆ ಯಂತ್ರ ಉಬ್ಬಸದ ಸೀಮೆಗೆ ಮುಟ್ಟಲೇ ಇಲ್ಲ. ಕಾರಣ ಸರಳ, ಪ್ಲಗ್ಗು. 1935ರಲ್ಲಿ ಅಮೆರಿಕದ ಹತ್ತು ಒಕ್ಕಲು ಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಗ್ರಾಮೀಣ ವಿದ್ಯುದೀಕರಣದ ಇಲಾಖೆ ಹುಟ್ಟಿದ್ದೇ ಆ ವರ್ಷ. ನಮ್ಮ ಊರಲ್ಲಿ ನಾನು ಮೂರನೇ ತರಗತಿ ಓದುವ ತನಕ ಕರೆಂಟು ಸಂಜೆಯ ನೆಂಟನಾಗಿತ್ತು, ಹಾಗಾಗಿ ಈ ಸಾಲು ಓದಿದಾಗ ನನಗೆ ಕ್ಯಾನ್ಸಸ್ ತುಂಬ ದೂರ ಅನಿಸಲಿಲ್ಲ.

ಅದೇ ವರ್ಷಗಳಲ್ಲಿ, ಆ ಬಯಲಿನಿಂದ ದೂರದ ಓವೆನ್ಸ್ ಇಲಿನಾಯ್ ಎಂಬ ಬಾಟಲಿ ಕಂಪನಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. 1932ರಲ್ಲಿ ಡೇಲ್ ಕ್ಲೀಸ್ಟ್ ಎಂಬ ಹುಡುಗ ಕರಗಿದ ಗಾಜಿನೊಂದಿಗೆ ಏನೋ ಪ್ರಯೋಗ ಮಾಡುವಾಗ ಒತ್ತಡದ ಗಾಳಿ ತಾಗಿ ಗಾಜು ನೂಲುನೂಲಾಗಿ ಹಾರಿತು. ಗಾಜಿನ ಉಣ್ಣೆ. ಅದನ್ನು ಏನು ಮಾಡೋದು? ಮೊದಮೊದಲು ಅದು ಮಾರಾಟವಾದದ್ದು ಬಿಸಿಗಾಳಿ ಕುಲುಮೆಗಳ ಫಿಲ್ಟರ್ ಆಗಿ. ಕುಲುಮೆಗೆ ವಿದ್ಯುತ್ ಫ್ಯಾನ್ ಸೇರುತ್ತಿದ್ದ ಕಾಲ ಅದು. ಫ್ಯಾನ್ ಬಂದ ಮೇಲೆ ಕೊಳವೆಯಲ್ಲಿ ಗಾಳಿ ತಾನಾಗಿ ಏರುವುದಲ್ಲ, ಎಳೆದು ತಳ್ಳಿಸಿಕೊಂಡು ಓಡುತ್ತೆ. ಧೂಳನ್ನೂ ಎಳೆಯುತ್ತೆ. ಧೂಳು ಕೂತರೆ ಫ್ಯಾನ್ ಕೆಡುತ್ತೆ. ಹಾಗಾಗಿ ಫಿಲ್ಟರ್ ಬಂದದ್ದು ಯಂತ್ರವನ್ನು ಕಾಪಾಡಲು. ಎಸಿ ಕಾಗದಕ್ಕೆ, ಫಿಲ್ಟರ್ ಫ್ಯಾನಿಗೆ. ಈಗ ಪ್ರತಿ ದುಬಾರಿ ಪೆಟ್ಟಿಗೆಯ ಮೇಲೂ ಬರೆದಿರುವ ಹೆಪಾ ಹುಟ್ಟಿದ್ದು 1940ರ ದಶಕದಲ್ಲಿ, ಅಣುಬಾಂಬಿನ ಕೆಲಸದಲ್ಲಿ ವಿಕಿರಣದ ಕಣಗಳನ್ನು ಹಿಡಿಯಲು. ನಮ್ಮ ಎದೆಗೂಡಿನ ಸರದಿ ಯಾವಾಗಲೂ ಸಾಲಿನ ಕೊನೆಗೆ ಬರುತ್ತೆ.

ಧೂಳಿನ ಸೀಮೆಯಲ್ಲಿ ಎದೆಗೂಡುಗಳು ಕಾಯಲಿಲ್ಲ. ಧೂಳಿನ ನ್ಯುಮೋನಿಯಾ ಅಂತಲೇ ಅದಕ್ಕೆ ಹೆಸರು ಬಿತ್ತು. ಮಕ್ಕಳು, ಮುದುಕರು ಮೊದಲು ಹೋದರು. ರೆಡ್ ಕ್ರಾಸ್‌ನವರು ತಾತ್ಕಾಲಿಕ ಆಸ್ಪತ್ರೆ ತೆರೆದು ಜಾಳು ಬಟ್ಟೆಯ ಮಾಸ್ಕ್ ಹಂಚಿದರು. ಮಾಸ್ಕ್ ಹಾಕಿ ಶಾಲೆಗೆ ಹೋಗುವ ಮಕ್ಕಳ ಫೋಟೋಗಳನ್ನು 2020ಕ್ಕೆ ಮುಂಚೆ ನೋಡಿದ್ದರೆ ನನಗೆ ವಿಚಿತ್ರ ಅನಿಸುತ್ತಿತ್ತೇನೋ.

ಇಷ್ಟು ಓದಿ ನಾನು ಮತ್ತೆ ಅರಿಝೋನಾಕ್ಕೆ ಬಂದೆ. ಇಲ್ಲಿ ಧೂಳಿನಲ್ಲಿ ಇನ್ನೊಂದಿದೆ. ಮಣ್ಣಿನಲ್ಲೇ ಬದುಕುವ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರ. ಧೂಳಿನ ಜೊತೆ ಅದರ ಬೀಜಕಣ ಎದೆಗಿಳಿದರೆ ವ್ಯಾಲಿ ಫೀವರ್ ಬರಬಹುದು. ಬಹಳ ಜನಕ್ಕೆ ಗೊತ್ತೇ ಆಗದೆ ಹೋಗುತ್ತೆ, ಕೆಲವರಿಗೆ ತಿಂಗಳುಗಟ್ಟಲೆ ಕೆಮ್ಮು ಜ್ವರ, ಇನ್ನು ಕೆಲವರಿಗೆ ಮೈಯೆಲ್ಲ ಹಬ್ಬುತ್ತೆ. ಈ ದೇಶದಲ್ಲಿ ವರದಿಯಾಗುವ ಪ್ರಕರಣಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಮಗಳ ಕೆಮ್ಮು ಎರಡು ವಾರ ಬಿಡದಿದ್ದಾಗ ಮಕ್ಕಳ ಡಾಕ್ಟರು ಅದಕ್ಕೇ ರಕ್ತ ಪರೀಕ್ಷೆ ಬರೆದರು. ಫಲಿತಾಂಶ ಬರುವ ತನಕ ಐದು ದಿನ. ಆ ಐದು ರಾತ್ರಿಯೂ ನಾನು ಚಾವಣಿಯ ಜಾಲರಿ ನೋಡಿಕೊಂಡೇ ಮಲಗಿದ್ದೆ. ಏನೂ ಇರಲಿಲ್ಲ, ಮಾಮೂಲಿ ಕೆಮ್ಮು. ಆದರೆ ಆ ಐದು ದಿನದಲ್ಲಿ ನಾನು ಓದಿದ ಒಂದು ಊರಿನ ಕಥೆ ನನ್ನನ್ನು ಬಿಟ್ಟುಹೋಗಿಲ್ಲ.

ನಮ್ಮ ಮನೆಯಿಂದ ದಕ್ಷಿಣಕ್ಕೆ, ಟೂಸಾನ್ ದಾರಿಯಲ್ಲಿ, ಹೀಲಾ ನದಿಯ ಮೂಲನಿವಾಸಿಗಳ ಸೀಮೆಯಿದೆ. ಬಿರುಗಾಳಿ ಎದ್ದು ಬರುವ ದಿಕ್ಕೂ ಅದೇ. ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಮೇಲೆ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಹಾಕಿದ ಸಹಿಯಿಂದಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಹಾಕಿದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಅಂಥ ಹತ್ತು ಶಿಬಿರಗಳಲ್ಲಿ ಒಂದು ಹೀಲಾ ರಿವರ್. ಆ ಮೂಲನಿವಾಸಿಗಳು ಬೇಡ ಅಂದರೂ ಅವರ ನೆಲದಲ್ಲೇ ಕಟ್ಟಿದರು. 1942ರ ಜುಲೈನಲ್ಲಿ ತೆರೆಯಿತು. ಜುಲೈನಲ್ಲಿ ಇಲ್ಲಿ ಇದ್ದವರಿಗೆ ಅದರ ಅರ್ಥ ಗೊತ್ತು. ಕಡೆಗೆ 13,000 ಜನ ಅಲ್ಲಿದ್ದರು. ಕಟ್ಟಲು ನೆಲದ ಮೇಲಿದ್ದ ಪೊದೆ ಹುಲ್ಲನ್ನೆಲ್ಲ ಕೆರೆದು ಹಾಕಿದ್ದರು, ಹಾಗಾಗಿ ಗಾಳಿ ಸ್ವಲ್ಪ ಎದ್ದರೂ ಧೂಳು. ಬಿಸಿಲು ತಡೆಯಲೆಂದು ಬ್ಯಾರಕ್ಕುಗಳಿಗೆ ಎರಡೆರಡು ಸೂರು ಹಾಕಿದ್ದರು. ಧೂಳು ತಡೆಯಲು ಏನೂ ಇರಲಿಲ್ಲ.

ಈ ಶಿಬಿರಗಳಲ್ಲಿದ್ದವರ ನೆನಪುಗಳಲ್ಲಿ ಎಲ್ಲೆಡೆ ಸಿಗುವ ಮಾತು ಧೂಳೇ. ಕ್ಯಾಲಿಫೋರ್ನಿಯಾದ ಮಾಂಝನಾರ್ ಶಿಬಿರದಲ್ಲಿ ಹಸಿ ಹಲಗೆ ಒಣಗಿ ಸಂದಿ ಬಿಟ್ಟಾಗ, ಗಂಟು ಉದುರಿ ತೂತು ಬಿದ್ದಾಗ, ಡಬ್ಬಿಯ ತಗಡು ಮುಚ್ಚಳಗಳನ್ನು ಆ ತೂತುಗಳ ಮೇಲೆ ಮೊಳೆ ಹೊಡೆದು ಮುಚ್ಚಿಕೊಂಡಿದ್ದರು. ಆ ಮುಚ್ಚಳ ಓದಿದ ಕೂಡಲೇ ನನಗೆ ನಮ್ಮ ಬೆಳಕಿಂಡಿಯ ಗಡಿಗೆ ನೆನಪಾಯಿತು, ಮತ್ತು ನಾಚಿಕೆಯೂ ಆಯಿತು. ನಾನು ಮುಚ್ಚುತ್ತಿದ್ದದ್ದು ನನ್ನ ಮನೆಯ ತೂತು. ಹೀಲಾದಲ್ಲಿ ಹಲವರಿಗೆ ವ್ಯಾಲಿ ಫೀವರ್ ಆಯಿತು. ಅವರೆಲ್ಲ ಸಮುದ್ರದ ಕಡೆಯಿಂದ ಬಂದವರು, ಅವರ ಎದೆಗೆ ಆ ಮಣ್ಣು ಹೊಸದು. 1943ರ ಏಪ್ರಿಲ್‌ನಲ್ಲಿ ಎಲಿನಾರ್ ರೂಸ್ವೆಲ್ಟ್ ಬಂದು ನೋಡಿಕೊಂಡು ಹೋದರು. ಶಿಬಿರ 1945ರ ಕೊನೆಗೆ ಮುಚ್ಚಿತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವ ಕಾಯ್ದೆ ಮಾಡಿತು.

ಅದೇ ಯುದ್ಧದ ದಿನಗಳಲ್ಲಿ ಸ್ಟ್ಯಾನ್‌ಫರ್ಡಿನ ಡಾಕ್ಟರ್ ಚಾರ್ಲ್ಸ್ ಸ್ಮಿತ್ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಸೇನಾ ವಿಮಾನನೆಲೆಗಳಲ್ಲಿ ಇದೇ ಜ್ವರದ ಹಿಂದೆ ಬಿದ್ದಿದ್ದರು. ಅಲ್ಲಿ ರೋಗಿಗಳಾಗುತ್ತಿದ್ದವರು ಪೈಲಟ್ ಆಗಬೇಕಾದ ಹುಡುಗರು, ಹಾಗಾಗಿ ಸೇನೆಗೂ ಕಾಳಜಿ ಇತ್ತು. ಸ್ಮಿತ್ ಮಾಡಿಸಿದ್ದು ಸರಳ ಕೆಲಸ. ಬರಿ ನೆಲಕ್ಕೆ ಹುಲ್ಲು ಹಾಕಿಸಿದರು, ರಸ್ತೆಗೆ ಡಾಂಬರು, ಮೈದಾನಕ್ಕೆ ಎಣ್ಣೆ. ರೋಗ ಗಣನೀಯವಾಗಿ ಇಳಿಯಿತು. ಕಿಟಕಿಗೆ ಬಟ್ಟೆ ಕಟ್ಟುವುದರಿಂದ ಆಗದಿದ್ದದ್ದು ನೆಲಕ್ಕೆ ಹುಲ್ಲು ಹೊದಿಸುವುದರಿಂದ ಆಯಿತು. ಒಂದೇ ದೇಶ, ಒಂದೇ ಧೂಳು, ಒಂದು ಬೇಲಿಯೊಳಗೆ ಡಾಂಬರು, ಇನ್ನೊಂದು ಬೇಲಿಯೊಳಗೆ ಡಬ್ಬಿಯ ಮುಚ್ಚಳ.

ಇದನ್ನೇ ಹ್ಯೂ ಬೆನೆಟ್ ಹತ್ತು ವರ್ಷ ಮೊದಲಿನಿಂದ ಕೂಗಿ ಹೇಳುತ್ತಿದ್ದ. ಮಣ್ಣಿನ ಸರ್ವೇ ಮಾಡುತ್ತಲೇ ಕೂದಲು ಹಣ್ಣಾದ ಸರ್ಕಾರಿ ನೌಕರ. 1935ರ ವಸಂತದಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಲು ಕರೆದಾಗ, ಪಶ್ಚಿಮದಿಂದ ಧೂಳಿನ ಮೋಡ ಹೊರಟಿದೆ ಅಂತ ತಿಳಿದುಕೊಂಡು, ಅದು ವಾಷಿಂಗ್ಟನ್ ತಲುಪುವ ತನಕ ಬೇಕಂತಲೇ ಮಾತು ಎಳೆದನಂತೆ, ಕಿಟಕಿ ಕಪ್ಪಾದಾಗ ಇಗೋ ನೋಡಿ ಅಂದನಂತೆ. ಇದು ಜನ ಹೇಳುವ ಕತೆ. ಪ್ರಸೆಂಟೇಶನ್ ಅಂದರೆ ಇದು ಅಂತ ನನ್ನ ಮ್ಯಾನೇಜರ್‌ಗೆ ಹೇಳಬೇಕೆನಿಸಿದೆ. 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯ್ದೆಗೆ ಸಹಿ ಬಿತ್ತು. ಆಮೇಲೆ ಇಳಿಜಾರಿಗೆ ಅಡ್ಡಲಾಗಿ ಉಳುವುದು, ಪಟ್ಟಿ ಪಟ್ಟಿಯಾಗಿ ಹುಲ್ಲು ಬಿಡುವುದು ಕಲಿಸಿದರು. 1942ರ ಹೊತ್ತಿಗೆ ಗಾಳಿಗೆ ಅಡ್ಡವಾಗಿ ಸುಮಾರು 22 ಕೋಟಿ ಗಿಡ ನೆಟ್ಟರು. ಮಳೆಯೂ ಮರಳಿ ಬಂತು ಅನ್ನಿ.

ನಮ್ಮ ಹೊಲದಲ್ಲೂ ಒಡ್ಡುಗಳಿವೆ. ನನಗೆ ಬುದ್ಧಿ ಬರುವಾಗ ಅವು ಇದ್ದೇ ಇದ್ದವು, ಹಾಗಾಗಿ ದೇವರು ಮಾಡಿದ್ದು ಅಂದುಕೊಂಡಿದ್ದೆ. ಬಿಜಾಪುರ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1942ರಲ್ಲಿ ಆ ಪ್ರಾಂತ್ಯ ಭೂಸುಧಾರಣೆಯ ಕಾಯ್ದೆ ತಂದಿತು, ಬರದ ಕಾಮಗಾರಿಯಾಗಿ ಸಮಪಾತಳಿಯ ಒಡ್ಡುಗಳನ್ನು ಹಾಕಿಸಿದರು. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ಬಳ್ಳಾರಿಯಲ್ಲಿ ಕರಿಮಣ್ಣಿಗಾಗಿಯೇ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರ ಶುರುವಾಯಿತು. ನಮ್ಮಲ್ಲಿ ಮಣ್ಣು ಒಯ್ಯುವುದು ಗಾಳಿಗಿಂತ ಹೆಚ್ಚಾಗಿ ಮಳೆ, ಆದರೆ ಕಾಯಿಲೆ ಒಂದೇ, ಬರಿ ಮೈಯ ನೆಲ. ಸರ್ಕಾರದ ಒಡ್ಡಿಗೆ ಎರಡು ಸಾಲು ಜೋಳದ ಜಾಗ ಹೋಯಿತು ಅಂತ ಅಜ್ಜ ಸಾಯುವ ತನಕ ಬೈಯುತ್ತಿದ್ದ. ಆದರೆ ಪ್ರತಿ ಬೇಸಿಗೆ ಅದರ ಬಿರುಕಿಗೆ ಮಣ್ಣು ಹಾಕಿ ತುಳಿಯುತ್ತಿದ್ದವನೂ ಅವನೇ.

ಹೀಗೆ ಒಂದು ಫಿಲ್ಟರ್ ತೊಳೆಯಲು ಹೋಗಿ ಒಡ್ಡಿನ ತನಕ ಬಂದೆ. ಅಟ್ಟಕ್ಕೆ ವಾಪಸ್ ಬರ್ತೀನಿ. ಫೀನಿಕ್ಸಿನ ಮನೆಗಳಿಗೆ ನೆಲಮಾಳಿಗೆಯಿಲ್ಲ, ಕೊಳವೆಗಳೆಲ್ಲ ಅಟ್ಟದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಹತ್ತು ನಿಮಿಷ ಕೂರಲಾಗದು, ಬೆಳಗಿನ ಐದಕ್ಕೆ ಹತ್ತಿದೆ. ಗಾಳಿ ವಾಪಸ್ ಎಳೆಯುವ ಕೊಳವೆ ಯಂತ್ರಕ್ಕೆ ಸೇರುವ ಕಡೆ, ಅಂದರೆ ಫಿಲ್ಟರ್ ದಾಟಿದ ಮೇಲೆ, ನಾಲ್ಕು ಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು. ಅಷ್ಟೇ ವಿಷಯ. ಫ್ಯಾನ್ ಓಡಿದಾಗ ಆ ಸಂದಿ ಅಟ್ಟದ ಗಾಳಿಯನ್ನು ಎಳೆದುಕೊಳ್ಳುತ್ತೆ. ಅಟ್ಟಕ್ಕೆ ಸೂರಿನ ತೂತುಗಳಿಂದ ಬಿರುಗಾಳಿಯ ಧೂಳು ಬಂದು ಕೂತಿರುತ್ತೆ. ಸಾಮಾನ್ಯ ಮನೆಗಳಲ್ಲಿ ಕೊಳವೆಯ ಗಾಳಿಯ ಶೇಕಡ 20ರಿಂದ 30ರಷ್ಟು ಇಂಥ ಸೋರಿಕೆಯಲ್ಲೇ ಹೋಗುತ್ತೆ ಅಂತ ಇಲ್ಲಿನ ಸರ್ಕಾರದ ಎನರ್ಜಿ ಸ್ಟಾರ್‌ನವರು ಹೇಳುತ್ತಾರೆ. ಇಲ್ಲಿನ ಪರಿಸರ ಇಲಾಖೆ 1997ರಲ್ಲೇ ಒಂದು ಕಿರುಪುಸ್ತಕ ತಂದು, ಡಕ್ಟ್ ತೊಳೆಸುವುದರಿಂದ ಆರೋಗ್ಯದ ತೊಂದರೆ ತಪ್ಪುತ್ತೆ ಅಂತ ಎಲ್ಲೂ ಸಾಬೀತಾಗಿಲ್ಲ, ಬೂಸ್ಟು, ಇಲಿ, ವಿಪರೀತ ಧೂಳು ಇದ್ದರೆ ಮಾತ್ರ ಯೋಚಿಸಿ ಅಂದಿತ್ತು. ನನ್ನ 480 ಡಾಲರ್ ಹೋದ ಮೇಲೆ ಓದಿದೆ.

ಲಪ್ಪದಂಥ ಬೂದು ಅಂಟು ಸಿಗುತ್ತೆ, ಮಾಸ್ಟಿಕ್ ಅಂತ. ಅದನ್ನು ಸಂದಿಗೆ ಜಾಲಿಪಟ್ಟಿ ಹಾಕಿ ಬಳಿದೆ. ಹಿಟ್ಟಿನ ಗಂಜಿ, ಬಟ್ಟೆ ಪಟ್ಟಿ. ಕ್ಯಾನ್ಸಸ್ಸಿನ ಯಾವ ಹೆಂಗಸಾದರೂ ನನಗಿಂತ ಚೆನ್ನಾಗಿ ಬಳಿಯುತ್ತಿದ್ದಳು. ಬಿರುಗಾಳಿಯ ಎಚ್ಚರಿಕೆ ಬಂದರೆ ಈಗ ನಾವು ಮಾಡುವುದು ಒಂದೇ, ಎಸಿ ಆರಿಸಿ ಒಂದು ಗಂಟೆ ಸೆಖೆ ತಡೆದುಕೊಳ್ಳುವುದು. ಗಡಿಗೆ ಮುಚ್ಚಿದ ಹಾಗೆ. ಮರುದಿನ ಜಾಲರಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಫಿಲ್ಟರ್ ಬದಲಾಯಿಸುತ್ತೇನೆ.

ಅಂದು ಅಟ್ಟದಿಂದ ಇಳಿಯುವಾಗ ಯಂತ್ರವಿರುವ ಗೂಡಿನ ಬಾಗಿಲ ಒಳಮೈಗೆ ಟಾರ್ಚ್ ಬಿತ್ತು. ಪೆನ್ಸಿಲಿನಲ್ಲಿ ಒಂದರ ಕೆಳಗೊಂದು ತಾರೀಕು. ನಮಗಿಂತ ಮೊದಲು ಇದ್ದವರು ಫಿಲ್ಟರ್ ಬದಲಾಯಿಸಿದ ದಿನಗಳು. ಎರಡೆರಡು ತಿಂಗಳಿಗೊಮ್ಮೆ, ಅಚ್ಚುಕಟ್ಟು. ಒಂದು ಮಾತ್ರ ಲೆಕ್ಕಕ್ಕೆ ಕೂರಲಿಲ್ಲ, 7-6-11. ಜೂನ್ 7 ಅಂತ ಓದಿದರೆ ಹಿಂದಿನದ್ದು ಜೂನ್ 20. ಹಿಂದೆ ಮುಂದೆ ಆಗಿದೆಯಲ್ಲ ಅಂದುಕೊಂಡೆ. ಆಮೇಲೆ ಹೊಳೆಯಿತು, ಇಲ್ಲಿ ತಿಂಗಳು ಮೊದಲು. ಅದು 2011ರ ಜುಲೈ 6. ಹಿಂದಿನ ದಿನ, ಜುಲೈ 5ರ ಸಂಜೆ, ಸುಮಾರು ನೂರು ಮೈಲಿ ಅಗಲದ, ಐದು ಸಾವಿರ ಅಡಿಗೂ ಎತ್ತರದ ಧೂಳಿನ ಗೋಡೆ ಈ ಊರಿನ ಮೇಲೆ ಹಾದುಹೋಗಿತ್ತು, ಇಲ್ಲಿಯವರು ಇವತ್ತಿಗೂ ಮಾತಾಡುವ ಹಬೂಬ್ ಅದು. ಟಿವಿಯಲ್ಲಿ ಆ ಅರಬ್ಬಿ ಪದ ಯಾಕೆ ಬಳಸ್ತೀರಿ ಅಂತ ಕೆಲವರು ಪತ್ರಿಕೆಗೆ ಕಾಗದ ಬರೆದು ಜಗಳವಾಡಿದ್ದೂ ಆಗಲೇ. ಮಿಕ್ಕವರು ಮನೆ ಗುಡಿಸುತ್ತಿದ್ದರು. ಈ ಮನೆಯಲ್ಲಿ ಯಾರೋ ಒಬ್ಬರು ಹದಿನಾರು ದಿನದ ಹಿಂದಷ್ಟೇ ಹಾಕಿದ್ದ ಫಿಲ್ಟರನ್ನು ಕಿತ್ತು ಹೊಸದು ಹಾಕಿ, ಪೆನ್ಸಿಲ್ ಹುಡುಕಿ ತಾರೀಕು ಬರೆದಿದ್ದರು.

ಮಗಳ ಕ್ರೆಯಾನ್ ಪೆಟ್ಟಿಗೆಯಲ್ಲಿ ಒಂದು ಪೆನ್ಸಿಲ್ ಸಿಕ್ಕಿತು. ಅವರ ಸಾಲಿನ ಕೆಳಗೆ ನನ್ನದೂ ಒಂದು ತಾರೀಕು ಬರೆದೆ, ತಿಂಗಳು ಮೊದಲು.